ಒಬ್ಬರೇ ಹೋಗಿ ನೆಲೆಸಲು ಸಣ್ಣ ಊರು ಹುಡುಕುತ್ತಿದ್ದೀರಾ? ಭಾನುವಾರ ಬೇಡ, ಮಂಗಳವಾರ ಹೋಗಿ ನೋಡಿ

ಬೆಂಗಳೂರು ಬಿಟ್ಟು ಬೆಟ್ಟದ ಬುಡದಲ್ಲಿರುವ ಯಾವುದಾದರೂ ಸಣ್ಣ ಊರಿಗೆ ಹೋಗಿ ಇದ್ದುಬಿಡೋಣ ಅಂತ ಅನ್ನಿಸುವುದು ಹೆಚ್ಚಾಗಿ ಭಾನುವಾರ ಸಂಜೆ. ಬೆಳಗ್ಗೆ ನಂದಿಗೋ ದೇವರಾಯನದುರ್ಗಕ್ಕೋ ಹೋಗಿ ಬಂದು, ಹೆಬ್ಬಾಳದಲ್ಲೋ ಗೊರಗುಂಟೆಪಾಳ್ಯದಲ್ಲೋ ಗಾಡಿಗಳ ಮಧ್ಯೆ ಸಿಕ್ಕಿಹಾಕಿಕೊಂಡಾಗ. ನನಗೂ ಹಾಗೇ ಅನ್ನಿಸಿತ್ತು. ಅನ್ನಿಸಿದ್ದು ತಪ್ಪಲ್ಲ. ಅದೇ ಭಾನುವಾರದ ಕಣ್ಣಲ್ಲಿ ಮನೆಯನ್ನೂ ನೋಡಿದ್ದು ತಪ್ಪು.

ನಾನು ಮೊದಲು ಮನೆ ಮಾಡಿದ್ದು ಚಿಕ್ಕಬಳ್ಳಾಪುರದ ಹೊರಗೆ, ಒಂದು ಹೊಸ ಲೇಔಟ್‌ನಲ್ಲಿ. ಅಡುಗೆಮನೆ ಕಿಟಕಿಯಿಂದ ನಂದಿ ಬೆಟ್ಟ ಕಾಣುತ್ತಿತ್ತು. ನವೆಂಬರ್ ತಿಂಗಳು, ಮಂಜು ಬಿದ್ದಿತ್ತು, ನಿಂತ ಜಾಗದಲ್ಲೇ ಅಡ್ವಾನ್ಸ್ ಕೊಟ್ಟೆ. ಐದು ತಿಂಗಳಿಗೆ ಖಾಲಿ ಮಾಡಿದೆ. ಸಂಜೆ ಏಳರ ಮೇಲೆ ಆ ಕಡೆ ಬಸ್ಸಿಲ್ಲ, ಆಟೊದವರು ಬರುವುದಿಲ್ಲ. ಹಾಲು ಬೇಕಂದರೂ ಒಂದೂವರೆ ಕಿಲೋಮೀಟರ್ ನಡೆಯಬೇಕು. ಮಾರ್ಚ್ ಬಂದಾಗ ಬೋರ್ ನಿಂತಿತು. ಎಲ್ಲಕ್ಕಿಂತ ಬೇಜಾರಿನ ಸಂಗತಿ ಅಂದರೆ, ಕಿಟಕಿಯಿಂದ ದಿನಾ ನೋಡುತ್ತಿದ್ದ ಆ ಬೆಟ್ಟವನ್ನು ಅಷ್ಟು ದಿನದಲ್ಲಿ ನಾನು ಹತ್ತಿದ್ದು ಮೂರೇ ಸಲ. ನನ್ನ ಹತ್ತಿರ ಗಾಡಿ ಇರಲಿಲ್ಲ. ಇದು ಚಿಕ್ಕಬಳ್ಳಾಪುರದ ತಪ್ಪಲ್ಲ, ನೋಡಿ ಆರಿಸಿದ ರೀತಿಯ ತಪ್ಪು. ಆಮೇಲೆ ಕೋಲಾರದಲ್ಲಿ ಗೆಳತಿಯ ಮನೆಯಲ್ಲಿ ಆರು ವಾರ ಇದ್ದೆ. ಈಗ ಮೂರು ವರ್ಷದಿಂದ ತುಮಕೂರಿನ ಕ್ಯಾತ್ಸಂದ್ರದಲ್ಲಿ ಒಬ್ಬಳೇ ಇದ್ದೇನೆ, ಚೆನ್ನಾಗಿದ್ದೇನೆ. ಮೂರೂ ಊರುಗಳ ನೀರು ಕುಡಿದವಳಾಗಿ, ಈಗ ಹೊರಟಿರುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೆಂಗಳೂರಿನ ಲೆಕ್ಕ ಮುಗಿಸಿ

ಮನೆಯಿಂದಲೇ ಕೆಲಸ ಅಂದರೂ ತಿಂಗಳಲ್ಲಿ ಒಂದೆರಡು ಸಲ ಬೆಂಗಳೂರಿಗೆ ಹೋಗುವುದು ಇದ್ದೇ ಇರುತ್ತದೆ. ಎಷ್ಟು ಸಲ, ಬೆಂಗಳೂರಿನ ಯಾವ ಮೂಲೆಗೆ, ಇದನ್ನು ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ತುಮಕೂರು ಸುಮಾರು 70 ಕಿ.ಮೀ., ಕೋಲಾರವೂ ಹೆಚ್ಚುಕಡಿಮೆ ಅಷ್ಟೇ, ಚಿಕ್ಕಬಳ್ಳಾಪುರ ಇನ್ನೂ ಹತ್ತು ಕಿಲೋಮೀಟರ್ ಹತ್ತಿರ. ಆದರೆ ಮೂರೂ ಮೂರು ದಿಕ್ಕು. ಆಫೀಸು ಪೀಣ್ಯ, ಯಶವಂತಪುರ, ರಾಜಾಜಿನಗರದ ಕಡೆ ಇದ್ದರೆ ತುಮಕೂರು. ವೈಟ್‌ಫೀಲ್ಡ್, ಕೆ.ಆರ್. ಪುರ ಆದರೆ ಕೋಲಾರ. ಯಲಹಂಕ, ಹೆಬ್ಬಾಳ, ಏರ್‌ಪೋರ್ಟ್ ಆದರೆ ಚಿಕ್ಕಬಳ್ಳಾಪುರ. ಕೋಲಾರದಲ್ಲಿದ್ದುಕೊಂಡು ವಾರಕ್ಕೆ ಎರಡು ಸಲ ಪೀಣ್ಯಕ್ಕೆ ಹೋಗುತ್ತೇನೆ ಅಂದರೆ, ನಗರದ ಒಳಗಿನ ದಾರಿಯೇ ಹೊರಗಿನ ದಾರಿಯಷ್ಟು ಸಮಯ ತಿನ್ನುತ್ತದೆ.

ರೈಲಿನ ವಿಷಯದಲ್ಲಿ ತುಮಕೂರಿಗೆ ಸಾಟಿ ಇಲ್ಲ. ಅರಸೀಕೆರೆ, ಹುಬ್ಬಳ್ಳಿ ಕಡೆಯ ಮುಖ್ಯ ಲೈನ್ ಇಲ್ಲಿಂದಲೇ ಹೋಗುವುದರಿಂದ ದಿನವಿಡೀ ಗಾಡಿಗಳಿವೆ. ಮಂತ್ಲಿ ಪಾಸ್ ಮಾಡಿಸಿಕೊಂಡು ಬೆಂಗಳೂರಿಗೆ ದಿನಾ ಹೋಗಿ ಬರುವವರ ದೊಡ್ಡ ಬಳಗವೇ ಇಲ್ಲಿದೆ. ಅವರ ಪರಿಚಯವಾದರೆ ಯಾವ ಗಾಡಿ ಲೇಟು, ಯಾವ ಬೋಗಿಯಲ್ಲಿ ಸೀಟು ಸಿಗುತ್ತದೆ ಅನ್ನುವುದೆಲ್ಲ ಗೊತ್ತಾಗುತ್ತದೆ. ಕೋಲಾರದಲ್ಲೂ ಸ್ಟೇಷನ್ ಇದೆ, ಆದರೆ ಅದು ಬಂಗಾರಪೇಟೆ-ಚಿಕ್ಕಬಳ್ಳಾಪುರದ ಒಳ ಲೈನ್, ಗಾಡಿಗಳು ಕಡಿಮೆ. ಜಾಸ್ತಿ ರೈಲು ಬೇಕಂದರೆ ಬಂಗಾರಪೇಟೆಗೆ ಹೋಗಬೇಕು. ಚಿಕ್ಕಬಳ್ಳಾಪುರದವರೂ ಹೆಚ್ಚಾಗಿ ಬಸ್ಸನ್ನೇ ನಂಬಿದ್ದಾರೆ. ಮೆಟ್ರೊ ಒಂದು ಕಡೆ ಮಾದಾವರಕ್ಕೆ, ಇನ್ನೊಂದು ಕಡೆ ವೈಟ್‌ಫೀಲ್ಡ್‌ಗೆ ಬಂದಿರುವುದರಿಂದ ತುಮಕೂರು, ಕೋಲಾರದ ಕಡೆಯಿಂದ ಬರುವವರಿಗೆ ಸ್ವಲ್ಪ ಉಸಿರು ಬಂದಂತಾಗಿದೆ. ಹೆಂಗಸರಾದರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸು ಉಚಿತ. ಒಬ್ಬಳ ದುಡಿಮೆಯಲ್ಲಿ ಬದುಕುವವರಿಗೆ ಇದು ಸಣ್ಣ ಮಾತಲ್ಲ.

ಕಾಣುವ ಬೆಟ್ಟ ಬೇರೆ, ಕಾಲಿಗೆ ಸಿಗುವ ಬೆಟ್ಟ ಬೇರೆ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರಲ್ಲ, ಊರು ಆರಿಸುವಾಗ ಆ ಮಾತನ್ನು ಅಕ್ಷರಶಃ ತೆಗೆದುಕೊಳ್ಳಿ. ನೀವು ಕೇಳಬೇಕಾದ ಪ್ರಶ್ನೆ ಒಂದೇ. ಮಂಗಳವಾರ ಬೆಳಗ್ಗೆ ಆರಕ್ಕೆ ಮನೆ ಬಿಟ್ಟು, ಬೆಟ್ಟ ಹತ್ತಿ ಇಳಿದು, ಸ್ನಾನ ಮಾಡಿ, ಒಂಬತ್ತೂವರೆಗೆ ಕೆಲಸಕ್ಕೆ ಕೂರಲು ಆಗುತ್ತದಾ? ಆಗುತ್ತದೆ ಅನ್ನುವುದಾದರೆ ಆ ಬೆಟ್ಟ ನಿಮ್ಮದು. ಇಲ್ಲದಿದ್ದರೆ ಅದು ಬೆಂಗಳೂರಿನಲ್ಲಿದ್ದಾಗ ಎಷ್ಟು ದೂರ ಇತ್ತೋ ಈಗಲೂ ಅಷ್ಟೇ ದೂರ.

ಈ ಪರೀಕ್ಷೆಯಲ್ಲಿ ಮೊದಲು ಪಾಸಾಗುವುದು ಕೋಲಾರ. ಅಂತರಗಂಗೆ ಊರಿಗೆ ಅಂಟಿಕೊಂಡೇ ಇದೆ, ಪೇಟೆಯಿಂದ ಮೂರು-ನಾಲ್ಕು ಕಿಲೋಮೀಟರ್. ಶತಶೃಂಗ ಪರ್ವತ ಅಂತ ಕರೆಯುವ ಬಂಡೆಗಳ ಸಾಲು ಅದು. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಬಸವನ ಬಾಯಿಂದ ಬೀಳುವ ನೀರು, ಅದರ ಮೇಲೆ ಗುಹೆಗಳು, ಇನ್ನೂ ಮೇಲೆ ತೇರಹಳ್ಳಿ. ಬೆಟ್ಟದ ಮೇಲೆ ಹೊಲ, ಮನೆ, ದನ ಎಲ್ಲ ಇರುವ ಊರು ಇದೆ ಅನ್ನುವುದು ಮೊದಲ ಸಲ ಹತ್ತಿದವರಿಗೆ ಆಶ್ಚರ್ಯ. ಗುಡಿಯವರೆಗೆ ಒಬ್ಬರೇ ಹೋಗಬಹುದು, ಬೆಳಗ್ಗೆ ವಾಕಿಂಗ್ ಬರುವವರು ಇರುತ್ತಾರೆ. ಗುಹೆಗಳಿಗೆ ಮಾತ್ರ ದಾರಿ ಗೊತ್ತಿರುವವರನ್ನು ಬಿಟ್ಟು ಹೋಗಬೇಡಿ, ಬಂಡೆಗಳ ಸಂದು ಇಕ್ಕಟ್ಟು. ಕೋತಿಗಳ ಕಾಟ ಇದೆ, ಕೈಯಲ್ಲಿ ಕವರ್ ಹಿಡಿದುಕೊಂಡು ಹೋಗಬಾರದು. ಆ ಆರು ವಾರದಲ್ಲಿ ನಾನು ಇಪ್ಪತ್ತಕ್ಕೂ ಹೆಚ್ಚು ಸಲ ಹತ್ತಿದೆ. ಬೆಟ್ಟ ಒಂದನ್ನೇ ನೋಡಿ ಊರು ಆರಿಸುವುದಾದರೆ ನಾನು ಕೋಲಾರ ಅಂತಲೇ ಹೇಳುತ್ತೇನೆ.

ಚಿಕ್ಕಬಳ್ಳಾಪುರಕ್ಕೆ ಬೆಟ್ಟಗಳ ಸಂಪತ್ತು ಜಾಸ್ತಿ. ನಂದಿ 1,478 ಮೀಟರ್, ಪಕ್ಕದಲ್ಲಿ ಬ್ರಹ್ಮಗಿರಿ, ಚನ್ನಗಿರಿ, ಸ್ಕಂದಗಿರಿ. ಆದರೆ ಸ್ಕಂದಗಿರಿ ಹತ್ತಲು ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಬೇಕು, ಶುಲ್ಕ ಇದೆ. ಮನಸ್ಸು ಬಂದಾಗ ಎದ್ದು ಹೋಗುವ ಬೆಟ್ಟ ಅದಲ್ಲ. ನಂದಿ ರಸ್ತೆಯಲ್ಲಿ ಶನಿವಾರ-ಭಾನುವಾರ ಬೆಳಗಿನ ಜಾವದಿಂದಲೇ ಬೆಂಗಳೂರಿನ ಗಾಡಿಗಳು. ಅಲ್ಲೇ ವಾಸ ಮಾಡಿದರೆ ರಜದ ದಿನ ನೀವೇ ಮನೆಯೊಳಗೆ ಕೂರಬೇಕಾಗುತ್ತದೆ. ಹಾಗಾಗಿ ಚಿಕ್ಕಬಳ್ಳಾಪುರಕ್ಕೆ ಹೋಗುವವರಿಗೆ ನನ್ನ ಸಲಹೆ ಇದು. ಬೆಟ್ಟ ಕಾಣುವ ಲೇಔಟ್ ಬೇಡ, ಊರೊಳಗೆ ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಮಾಡಿ. ವಾರದ ಮಧ್ಯೆ ಬಸ್ಸಲ್ಲಿ ನಂದಿ ಗ್ರಾಮಕ್ಕೆ ಹೋಗಿ, ಭೋಗನಂದೀಶ್ವರನ ಕಲ್ಯಾಣಿ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ಬನ್ನಿ. ಸುಲ್ತಾನಪೇಟೆ ಕಡೆಯಿಂದ ಹತ್ತುವ ಹಳೇ ಮೆಟ್ಟಿಲು ದಾರಿ ಇದೆ, ಅದನ್ನು ತಿಂಗಳಿಗೊಮ್ಮೆ ಹತ್ತಿ. ಸರ್ ಎಂ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಕಡೆಯ ರಸ್ತೆ ಸೈಕಲ್‌ಗೆ ಬಹಳ ಚೆನ್ನಾಗಿದೆ. ಗುಡಿಬಂಡೆ, ಆವಲಬೆಟ್ಟ ರಜಕ್ಕೆ ಇಟ್ಟುಕೊಳ್ಳಿ.

ಇನ್ನು ತುಮಕೂರು. ಎಲ್ಲರೂ ದೇವರಾಯನದುರ್ಗ ಅನ್ನುತ್ತಾರೆ. ಊರಿಂದ ಸುಮಾರು 15 ಕಿ.ಮೀ., ನಡೆದು ಹೋಗುವ ಮಾತಲ್ಲ. ಆದರೆ ನಾಮದ ಚಿಲುಮೆಯ ಮೇಲೆ ಹಾದು ಹೋಗುವ ಆ ಕಾಡಿನ ರಸ್ತೆ, ಮಳೆ ಬಿದ್ದ ಮಾರನೇ ದಿನ ಸೈಕಲ್ ತುಳಿದರೆ ಮರೆಯುವುದಿಲ್ಲ. ಶಿಂಷಾ, ಜಯಮಂಗಲಿ ಎರಡೂ ಹುಟ್ಟುವುದು ಆ ಬೆಟ್ಟದ ಸುತ್ತಲೇ. ಅಲ್ಲಿ ಚಿರತೆ, ಕರಡಿ ಇವೆ. ಮಬ್ಬುಗತ್ತಲಲ್ಲಿ ಒಬ್ಬರೇ ಹೋಗುವುದು ಧೈರ್ಯ ಅಲ್ಲ, ಬೇಜವಾಬ್ದಾರಿ. ಪಂಡಿತನಹಳ್ಳಿ ಹತ್ತಿರದ ಬಸದಿ ಬೆಟ್ಟ ಇದಕ್ಕಿಂತ ಸುಲಭ. ಒಳ್ಳೆಯ ಮೆಟ್ಟಿಲು, ಮೇಲೆ ಹಳೇ ಬಸದಿಗಳು, ಕೆಳಗೆ ಮೈದಾಳ ಕೆರೆ. ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ಕೊರಟಗೆರೆ ಮೇಲೆ ಬಸ್ಸಿವೆ, ಪೂರ್ತಿ ಒಂದು ದಿನ ಬೇಕು, ಜೊತೆಗೆ ಒಬ್ಬರು ಇರಲೇಬೇಕು. ಮೇಲಿನ ಭಾಗ ನುಣುಪು ಬಂಡೆ, ಮಳೆಯಲ್ಲಿ ಜಾರುತ್ತದೆ, ಏಪ್ರಿಲ್‌ನಲ್ಲಿ ಅಂಗೈ ಸುಡುತ್ತದೆ.

ಆದರೆ ನನ್ನ ಮಂಗಳವಾರದ ಬೆಟ್ಟ ಇದ್ಯಾವುದೂ ಅಲ್ಲ. ಸಿದ್ಧಗಂಗೆಯ ಬೆಟ್ಟ. ಕ್ಯಾತ್ಸಂದ್ರದ ನನ್ನ ಮನೆಯಿಂದ ನಡೆದು ಹೋಗುತ್ತೇನೆ. ಮಠದ ಹಿಂದಿನ ಮೆಟ್ಟಿಲು ಹತ್ತಿದರೆ ಸಿದ್ಧಲಿಂಗೇಶ್ವರನ ಗುಡಿ, ಬಂಡೆಯೊಳಗಿನ ಗಂಗೆ. ದೊಡ್ಡ ಬೆಟ್ಟ ಅಲ್ಲವೇ ಅಲ್ಲ, ಅದರ ಫೋಟೊ ಹಾಕಿದರೆ ಯಾರೂ ವಾವ್ ಅನ್ನುವುದಿಲ್ಲ. ಕೆಳಗೆ ಮಠದ ಮಕ್ಕಳ ಬೆಳಗಿನ ಪ್ರಾರ್ಥನೆ ಕೇಳಿಸುತ್ತಿರುತ್ತದೆ. ಇಳಿದು ಬರುವಾಗ ತಟ್ಟೆ ಇಡ್ಲಿ ತಿಂದು, ಎಂಟೂವರೆಗೆಲ್ಲ ಮನೆಯಲ್ಲಿರುತ್ತೇನೆ. ವಾರಕ್ಕೆ ನಾಲ್ಕು ಸಲ ಹತ್ತುವ ಈ ಸಣ್ಣ ಬೆಟ್ಟ, ಕಿಟಕಿಯಲ್ಲಿ ಕಾಣುತ್ತಿದ್ದ ಆ ದೊಡ್ಡ ಬೆಟ್ಟಕ್ಕಿಂತ ನನಗೆ ಸಾವಿರ ಪಾಲು ಮೇಲು. ಶಿವರಾತ್ರಿ ಸಮಯದಲ್ಲಿ ಇಲ್ಲಿ ದನಗಳ ಜಾತ್ರೆ, ಆ ದಿನಗಳಲ್ಲಿ ಹತ್ತುವುದಕ್ಕಿಂತ ಎತ್ತುಗಳನ್ನು ನೋಡುತ್ತಾ ತಿರುಗುವುದೇ ಚೆಂದ.

ನೀರು ಕೇಳದೆ ಅಡ್ವಾನ್ಸ್ ಕೊಡಬೇಡಿ

ಮೂರೂ ಜಿಲ್ಲೆ ಬಯಲುಸೀಮೆ. ಹಸಿರು ನೋಡಿ ಮೋಸ ಹೋಗಬೇಡಿ, ಆ ಹಸಿರು ಅಕ್ಟೋಬರ್‌ನದು. ಮನೆ ನೋಡುವುದಾದರೆ ಮಾರ್ಚ್‌ನಿಂದ ಮೇ ಒಳಗೆ ನೋಡಿ. ಆಗ ಸಂಪು ತುಂಬಿದ್ದರೆ ವರ್ಷವಿಡೀ ತುಂಬಿರುತ್ತದೆ. ತುಮಕೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ನಲ್ಲಿಗೆ ಬರುತ್ತದೆ. ಚಿಕ್ಕಬಳ್ಳಾಪುರಕ್ಕೆ ಜಕ್ಕಲಮಡಗು. ಕೋಲಾರಕ್ಕೆ ಯರಗೋಳ್ ಅಣೆಕಟ್ಟಿನ ನೀರು 2023ರಲ್ಲಿ ಶುರುವಾಯಿತು. ಆದರೂ ಊರಿಗೆ ನೀರು ಬರುವುದು ಬೇರೆ, ನಿಮ್ಮ ಬೀದಿಗೆ ಬರುವುದು ಬೇರೆ. ಮಾಲೀಕರನ್ನು ಕೇಳಿದರೆ "ನೀರಿಗೇನೂ ತೊಂದ್ರೆ ಇಲ್ಲ" ಅನ್ನುತ್ತಾರೆ. ಎದುರು ಮನೆಯ ಹೆಂಗಸರನ್ನು ಕೇಳಿ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ, ಬೇಸಿಗೆಯಲ್ಲಿ ಟ್ಯಾಂಕರ್ ಹಾಕಿಸಿದರೆ ದುಡ್ಡು ಯಾರು ಕೊಡುತ್ತಾರೆ. ಈ ಮೂರು ಪ್ರಶ್ನೆಗೆ ಅವರು ಸರಿಯಾದ ಉತ್ತರ ಕೊಡುತ್ತಾರೆ.

ಕುಡಿಯುವ ನೀರಿನ ವಿಷಯ ಇನ್ನೂ ಮುಖ್ಯ. ಕೋಲಾರ, ಚಿಕ್ಕಬಳ್ಳಾಪುರದ ಬೋರ್ ನೀರಿನಲ್ಲಿ ಫ್ಲೋರೈಡ್ ಇರುವುದು ಹಳೇ ಸಮಸ್ಯೆ, ತುಮಕೂರು ಜಿಲ್ಲೆಯ ಪಾವಗಡದ ಕಡೆಯೂ ಇದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಇದನ್ನು ದಯವಿಟ್ಟು ನೆನಪಿಡಿ. ಪ್ರತಿ ಬಡಾವಣೆಯಲ್ಲೂ ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಎಲ್ಲಿದೆ ನೋಡಿಕೊಳ್ಳಿ. 20 ಲೀಟರ್ ಕ್ಯಾನನ್ನು ನೀವೇ ಹೊತ್ತು ಮೂರನೇ ಮಹಡಿ ಹತ್ತಬೇಕು ಅನ್ನುವುದೂ ತಲೆಯಲ್ಲಿರಲಿ. ಒಬ್ಬರೇ ಇರುವವರು ಮರೆಯುವುದು ಇಂಥ ವಿಷಯಗಳನ್ನೇ. ಇನ್ನೊಂದು, ಕೋಲಾರ-ಚಿಕ್ಕಬಳ್ಳಾಪುರದ ಎಷ್ಟೋ ಕೆರೆಗಳು ಈಗ ಬೇಸಿಗೆಯಲ್ಲೂ ತುಂಬಿ ಕಾಣುತ್ತವೆ. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆರೆ ತುಂಬಿಸುತ್ತಿದ್ದಾರೆ. ಅಂತರ್ಜಲ ಏರಲಿ ಅಂತ ಮಾಡಿರುವುದು ಅದು. ದಂಡೆ ಮೇಲೆ ನಡೆಯಿರಿ, ಹಕ್ಕಿ ನೋಡಿ. ಈಜಲು ಇಳಿಯಬೇಡಿ.

ಒಂದು ತಿಂಗಳು ಇದ್ದು ನೋಡಿ

ನೇರವಾಗಿ ಮನೆ ಹಿಡಿಯಬೇಡಿ. ಪಿ.ಜಿ.ಯಲ್ಲೋ ಹಾಸ್ಟೆಲ್‌ನಲ್ಲೋ ಪರಿಚಯದವರ ಮನೆಯ ರೂಮಿನಲ್ಲೋ ಒಂದು ತಿಂಗಳು ಇರಿ, ಒಂದು ಚೀಲ ಬಟ್ಟೆ, ಲ್ಯಾಪ್‌ಟಾಪ್ ಇದ್ದರೆ ಸಾಕು. ಕೆಲಸ ಮಾಡುತ್ತಲೇ ಇರಬೇಕು, ರಜಾ ಹಾಕಿ ಇದ್ದರೆ ಅದು ಮತ್ತೆ ಭಾನುವಾರವೇ ಆಗುತ್ತದೆ. ಕರೆಂಟು ಎಷ್ಟು ಸಲ ಹೋಗುತ್ತದೆ, ಇಂಟರ್ನೆಟ್ ಕೇಬಲ್ ಎಲ್ಲಿಯವರೆಗೆ ಬಂದಿದೆ, ರಾತ್ರಿ ಎಂಟೂವರೆಗೆ ಬಸ್ ಸ್ಟ್ಯಾಂಡಿನಿಂದ ನಡೆದು ಬರುವಾಗ ಬೀದಿ ದೀಪ ಉರಿಯುತ್ತಾ, ನಾಯಿಗಳು ಹೇಗೆ, ಯಾವ ಅಂಗಡಿ ತೆಗೆದಿರುತ್ತದೆ, ಇದನ್ನೆಲ್ಲ ನೀವೇ ನಡೆದು ನೋಡಬೇಕು. ರಾತ್ರಿ ಹೊತ್ತು ಡಾಕ್ಟರ್ ಇರುವ ಆಸ್ಪತ್ರೆಗೆ ಎಷ್ಟು ನಿಮಿಷ ಅಂತ ಒಂದು ಸಲ ಆಟೊದಲ್ಲಿ ಹೋಗಿಯೇ ನೋಡಿ. ನಾನು ಕೋಲಾರದ ಬೆಟ್ಟ ಬಿಟ್ಟು ತುಮಕೂರಿಗೆ ಬಂದದ್ದು ರೈಲಿಗಾಗಿ. ವಾರಕ್ಕೊಂದು ದಿನ ನನಗೆ ಯಶವಂತಪುರದಲ್ಲಿ ಲೆಕ್ಕ ಬರೆಯುವ ಕೆಲಸ ಇದೆ.

ತಿಂಗಳಿದ್ದರೆ ಇನ್ನೊಂದು ಲಾಭ, ಮನೆ ಒಳ್ಳೆ ಬೆಲೆಗೆ ಸಿಗುತ್ತದೆ. ಈ ಊರುಗಳ ಒಳ್ಳೆ ಬಾಡಿಗೆ ಮನೆಗಳು ಆ್ಯಪ್‌ಗಳಲ್ಲಿ ಇರುವುದಿಲ್ಲ. ಗೇಟಿಗೆ ಕಟ್ಟಿದ ಟು ಲೆಟ್ ಬೋರ್ಡಿನಲ್ಲಿ, ಹಾಲಿನ ಬೂತಿನವರ ಬಾಯಲ್ಲಿ, ಇಸ್ತ್ರಿ ಅಂಗಡಿಯವರ ಹತ್ತಿರ ಇರುತ್ತವೆ. ನಾನು ಬೆಂಗಳೂರಿನ ಒಂದು ರೂಮು-ಹಾಲಿನ ಮನೆಗೆ 14,000 ಕೊಡುತ್ತಿದ್ದೆ. ಇಲ್ಲಿ ಅಷ್ಟೇ ದೊಡ್ಡ ಮನೆಗೆ, ಮುಂದೆ ಒಂದು ಕರಿಬೇವಿನ ಗಿಡ ಬೇರೆ ಇದೆ, 6,500 ಕೊಡುತ್ತೇನೆ. ಅಡ್ವಾನ್ಸ್ 50,000. ಹಾಲು, ತರಕಾರಿ, ಗ್ಯಾಸ್, ಇಂಟರ್ನೆಟ್ ಎಲ್ಲ ಸೇರಿ ತಿಂಗಳಿಗೆ 16,000 ದಾಟುವುದಿಲ್ಲ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಮೊದಲಿದ್ದವರ ಹೆಸರು ಆ ಮೀಟರ್‌ಗೆ ಲಿಂಕ್ ಆಗಿದ್ದರೆ ತೆಗೆಸಿ, ನಿಮ್ಮದನ್ನು ಹಾಕಿಸಿಕೊಳ್ಳಿ. 11 ತಿಂಗಳ ಕರಾರು ಪತ್ರ ಮಾಡಿಸಿಯೇ ದುಡ್ಡು ಕೊಡಿ, ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಹೋಗಲಿ. ಚಿಕ್ಕಬಳ್ಳಾಪುರದ ಆ ಮನೆಗೆ ನಾನು ಕೈಯಲ್ಲಿ ಕೊಟ್ಟಿದ್ದೆ. ವಾಪಸ್ ಪಡೆಯಲು ನಾಲ್ಕು ತಿಂಗಳು ಅಲೆದೆ, ಹತ್ತು ಸಾವಿರ ಬರಲೇ ಇಲ್ಲ.

"ಒಬ್ಳೇನಾ? ಮನೆಯವ್ರು ಯಾರೂ ಬರಲ್ವಾ?" ಈ ಪ್ರಶ್ನೆಗೆ ತಯಾರಾಗಿ ಹೋಗಿ. ಗಂಡಸರಿಗೂ ತಪ್ಪಿದ್ದಲ್ಲ, ಬ್ಯಾಚುಲರ್‌ಗೆ ಕೊಡಲ್ಲ ಅನ್ನುತ್ತಾರೆ. ಜಾತಿ ಕೇಳುವವರೂ ಇದ್ದಾರೆ, ಅಡುಗೆ ಏನು ಮಾಡ್ತೀರಿ ಅನ್ನುವವರೂ ಇದ್ದಾರೆ. ಬಹಳ ನೋವಾಗುತ್ತದೆ. ಸುಳ್ಳು ಹೇಳಿ ಒಳಗೆ ಸೇರಬೇಡಿ, ದಿನಾ ಹೆದರಿಕೊಂಡು ಸಾರು ಮಾಡುವ ಮನೆ ಮನೆಯಲ್ಲ. ನಾನು ಹನ್ನೊಂದು ಮನೆ ನೋಡಿದೆ. ಏಳು ಕಡೆ ಇಲ್ಲ ಅಂದರು. ಎಂಟನೆಯ ಕಡೆ ಒಬ್ಬರು ಅಜ್ಜಿ, "ನಾನೂ ಒಬ್ಳೇ ಇದೀನಲ್ಲಮ್ಮ, ಬಾ" ಅಂದರು. ಆದರೂ ಇನ್ನೂ ಮೂರು ಮನೆ ನೋಡಿಕೊಂಡೇ ಅಲ್ಲಿಗೆ ಬಂದೆ, ಅದೂ ಸರಿಯಾದದ್ದೇ. ಕೆಲಸದ ಪತ್ರ, ಆಧಾರ್, ಹಿಂದಿನ ಮಾಲೀಕರ ಫೋನ್ ನಂಬರ್, ಇವಿಷ್ಟು ಕೈಯಲ್ಲಿದ್ದರೆ ಅರ್ಧ ಅನುಮಾನ ಕಡಿಮೆಯಾಗುತ್ತದೆ.

ಬಂದ ಮೇಲೆ ಮೊದಲ ಮೂರು ತಿಂಗಳು ಕಷ್ಟ, ಅದರಲ್ಲೂ ಸಂಜೆ ಹೊತ್ತು. ಬೆಂಗಳೂರಿನಲ್ಲಿ ಯಾರೂ ಮಾತಾಡಿಸದಿದ್ದರೂ ಗದ್ದಲ ಇರುತ್ತದೆ. ಇಲ್ಲಿ ಎಂಟು ಗಂಟೆಗೆ ಬೀದಿ ಮಲಗುತ್ತದೆ. ದಿನಾ ಒಂದೇ ಸಮಯಕ್ಕೆ ಒಂದೇ ಜಾಗಕ್ಕೆ ಹೋಗುವುದನ್ನು ರೂಢಿ ಮಾಡಿಕೊಳ್ಳಿ, ಅಮಾನಿಕೆರೆ ದಂಡೆ ಆಗಲಿ, ಸ್ಟೇಡಿಯಂ ಆಗಲಿ, ಲೈಬ್ರರಿ ಆಗಲಿ. ಎರಡು ವಾರಕ್ಕೆ ನಗು, ಒಂದು ತಿಂಗಳಿಗೆ ಮಾತು, ಆಮೇಲೆ ನೀವು ಬರದಿದ್ದ ದಿನ "ಯಾಕೆ ನಿನ್ನೆ ಕಾಣ್ಲಿಲ್ಲ?" ಅಂತ ಕೇಳುತ್ತಾರೆ. ಕೋಲಾರದಲ್ಲಿ ಅರ್ಧ ಮಾತು ತೆಲುಗಿನಲ್ಲಿ ನಡೆಯುತ್ತದೆ, ನಾಲ್ಕು ಪದ ಕಲಿಯಿರಿ, ಟೊಮೆಟೊ ಮಾರುವವರು ಎರಡು ಹೆಚ್ಚಿಗೆ ಹಾಕುತ್ತಾರೆ.

ಎರಡನೇ ವರ್ಷ ನನಗೆ ಜ್ವರ ಬಂದು ಎರಡು ದಿನ ಏಳಲಾಗಲಿಲ್ಲ. ಅಜ್ಜಿಯ ಹತ್ತಿರ ಇನ್ನೊಂದು ಕೀಲಿ ಇತ್ತು. ಅವರೇ ಬಾಗಿಲು ತೆಗೆದು ಗಂಜಿ ತಂದಿಟ್ಟರು. ಆ ಕೀಲಿಯನ್ನು ಮನೆಗೆ ಬಂದ ಮೊದಲ ವಾರವೇ ಕೊಟ್ಟಿದ್ದೆ, ನೀವೂ ಯಾರಿಗಾದರೂ ಕೊಡಿ. ಬೆಟ್ಟಕ್ಕೆ ಹೋಗುವ ದಿನಕ್ಕೂ ನಾವಿಬ್ಬರೂ ಒಂದು ಗುರುತು ಮಾಡಿಕೊಂಡಿದ್ದೇವೆ. ಅಜ್ಜಿ ಏಳುವ ಮೊದಲೇ ಹೊರಡುತ್ತೇನೆ, ಎಬ್ಬಿಸಬಾರದು ಅಂತ ಅವರ ಗೇಟಿಗೆ ಒಂದು ಕೆಂಪು ಬಟ್ಟೆ ಚೀಲ ನೇತು ಹಾಕಿ ಹೋಗುತ್ತೇನೆ. ಬಂದ ಮೇಲೆ ತೆಗೆಯುತ್ತೇನೆ. ಒಂಬತ್ತು ಗಂಟೆಯಾದರೂ ಚೀಲ ಅಲ್ಲೇ ಇದ್ದರೆ ನನ್ನ ಫೋನ್ ರಿಂಗಾಗುತ್ತದೆ.